ಎರಡನೇ ಸಲ ಬರುವ ಗಿರಾಕಿ

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ವಿಸಿಟಿಂಗ್ ಕಾರ್ಡಿನಲ್ಲಿ ಆ ಹೆಸರಿನ ಕೆಳಗೆ ‘ಫೌಂಡರ್’ ಎಂದು ಅಚ್ಚು ಹಾಕಿಸಿದ ದಿನದಿಂದ ನೆಂಟರಿಷ್ಟರೆಲ್ಲ ಅವನನ್ನು ಫೌಂಡರ್ ಎಂದೇ ಕರೆಯತೊಡಗಿದರು. ಕರೆಯುವಾಗ ತುಟಿಯಂಚಿನಲ್ಲಿ ನಗು ಇರುತ್ತಿತ್ತು. ಫೌಂಡರ್‌ಗೆ ಮಾತ್ರ ಅದು ಗೌರವದಂತೆ ಕೇಳಿಸುತ್ತಿತ್ತು. ಪಾಪ, ಕೆಲವರ ಕಿವಿಯೇ ಹಾಗೆ.

ಅದಕ್ಕೂ ಮುಂಚೆ ಮೊಬೈಲ್ ಕವರ್ ಮಾರಲು ಹೋಗಿ ಕೈಸುಟ್ಟುಕೊಂಡಿದ್ದ. ಇಸ್ತ್ರಿ ಬಟ್ಟೆಯನ್ನು ಮನೆಬಾಗಿಲಿಗೆ ತಲುಪಿಸುವ ಆ್ಯಪ್ ಮಾಡಿ, ಒಬ್ಬರ ಬಟ್ಟೆ ಇನ್ನೊಬ್ಬರ ಮನೆ ಸೇರಿ, ಬೀದಿಯಲ್ಲಿ ತಲೆಯೆತ್ತಿ ಓಡಾಡಲಾಗದ ಹಾಗೆ ಮಾಡಿಕೊಂಡಿದ್ದ. ಈ ಸಲ ಹೆಂಡತಿ ಗಡುವು ಹಾಕಿದಳು. ಹಲ್ಲಿನ ಆಸ್ಪತ್ರೆಯ ರಿಸೆಪ್ಷನ್‌ನಲ್ಲಿ ಕೂತು ದಿನವಿಡೀ ಊದಿಕೊಂಡ ಕೆನ್ನೆಗಳನ್ನೇ ನೋಡುವವಳು ಅವಳು. ಮಾತು ಕಮ್ಮಿ, ಆಡಿದರೆ ಆಡಿದ್ದೇ. ಮೊದಲನೇ ಸಲ ಯಾರು ಬೇಕಾದರೂ ಎಡವಿ ಬಂದು ಬೀಳುತ್ತಾರೆ, ಎರಡನೇ ಸಲ ತಾನಾಗಿ ಬರುವ ಒಬ್ಬನೇ ಒಬ್ಬ ಗಿರಾಕಿಯನ್ನು ಬೇಸಿಗೆ ಮುಗಿಯುವುದರೊಳಗೆ ತೋರಿಸಿ ಎಂದಳು. ತೋರಿಸದಿದ್ದರೆ ಬಾಯಿ ಮುಚ್ಚಿಕೊಂಡು ತನ್ನ ಅಣ್ಣನ ಟೈಲ್ಸ್ ಅಂಗಡಿಗೆ ಕೆಲಸಕ್ಕೆ ಹೋಗಬೇಕು.

ಆ ಭಾವನ ಕೈಕೆಳಗೆ ಕೂರುವುದೆಂದರೆ ಫೌಂಡರ್‌ಗೆ ಪ್ರಾಣಸಂಕಟ. ನಾಲ್ಕು ಜನ ಸೇರಿದ ಕಡೆಯೆಲ್ಲ ಭಾವ “ಏನ್ ಓನರ್ ಸಾಹೇಬ್ರೇ, ಈಗ ಯಾವ್ ಕಂಪ್ನಿ?” ಎಂದು ಕೇಳುವುದು, ಕೋಣೆಯೆಲ್ಲ ಕಿಸಕ್ಕೆನ್ನುವುದು, ಇವನು ಪೆಚ್ಚುಮೋರೆ ಹಾಕಿಕೊಂಡು ಲೋಟದೊಳಗೆ ಏನೋ ಬಿದ್ದಿದೆಯೇನೋ ಎಂಬಂತೆ ಬಗ್ಗಿ ನೋಡುವುದು ವರ್ಷಗಳಿಂದ ನಡೆದು ಬಂದಿತ್ತು. ಅಂಥವನ ಅಂಗಡಿಯಲ್ಲಿ ಸ್ಯಾಂಪಲ್ ಟೈಲ್ಸ್ ಒರೆಸುತ್ತ ನಿಲ್ಲುವುದಕ್ಕಿಂತ ಭೂಮಿ ಬಾಯಿ ಬಿಟ್ಟರೆ ವಾಸಿ ಎನ್ನಿಸುತ್ತಿತ್ತು ಅವನಿಗೆ.

ಹೀಗಾಗಿ ಬಹಳ ಯೋಚನೆ ಮಾಡಿ ವಿಡಿಯೋ ಗೇಮಿಗೆ ಕೈಹಾಕಿದ. ಲೋಕದ ಜನವೆಲ್ಲ ಆಡುತ್ತಿದೆ, ಇಲ್ಲಿ ಮುಳುಗುವವನು ಎಲ್ಲಿಯೂ ಈಜಲಾರ ಎಂದು ಅವನ ಲೆಕ್ಕ. ಒಳಗೆ ಇಣುಕಿದರೆ ಕಾಲಿಡಲು ಜಾಗವಿಲ್ಲ. ಗೇಮಿನ ವಿಮರ್ಶೆ ಮಾಡುವವರು, ಗೇಮ್ ಆಡುವವರ ಕುರ್ಚಿ ಮಾರುವವರು, ಆಡುವುದನ್ನು ಕಲಿಸುವವರು, ಕಲಿಸುವವರಿಗೆ ಕಲಿಸುವವರು! ಆನ್‌ಲೈನ್ ಕ್ಲಾಸಿನ ಗುರುವೊಬ್ಬ, ಗಿಜಿಗುಡುವ ಕಡೆ ಯಾರೂ ನಿಲ್ಲದ ಮೂಲೆ ಹುಡುಕಿ ಎಂದು ಉಪದೇಶ ಮಾಡಿದ್ದ. ಆ ಗುರು ನಿಂತಿದ್ದ ಮೂಲೆಯಲ್ಲೂ ನೂರಾರು ಗುರುಗಳು ನಿಂತಿದ್ದರು ಎನ್ನುವುದು ಬೇರೆ ಮಾತು.

ಕೊನೆಗೂ ಮೂಲೆ ಸಿಕ್ಕಿತು. ಒಂದು ಪ್ರಸಿದ್ಧ ಗೇಮಿನಲ್ಲಿ ಯುದ್ಧಕ್ಕೆ ಹೊರಡುವ ಮೊದಲು ವೀರನು ಕಾಡಿನಲ್ಲಿ ಮರ ಕಡಿಯಬೇಕು, ಕಲ್ಲು ಹೊರಬೇಕು, ಕೋಟೆ ಕಟ್ಟಬೇಕು. ಗಂಟೆಗಟ್ಟಲೆ ಅದೇ ಕೆಲಸ. ಜನಕ್ಕೆ ಬೇಕಾದದ್ದು ಯುದ್ಧ. ಮರ ಕಡಿಯುವುದು ಯಾರಿಗೆ ಬೇಕು? ಆ ಬೇಸರದ ಭಾಗವನ್ನು ಗಿರಾಕಿಯ ಪರವಾಗಿ ನಾವು ಆಡಿಕೊಡುತ್ತೇವೆ ಎಂದು ಫೌಂಡರ್ ‘ವೀರಸೇವೆ’ ಎಂಬ ವೆಬ್‌ಸೈಟ್ ತೆರೆದ. ಜನ ದುಡ್ಡು ಕೊಟ್ಟು ಆಟ ಕೊಂಡು, ಮತ್ತೆ ದುಡ್ಡು ಕೊಟ್ಟು ಆ ಆಟ ಆಡುವುದರಿಂದ ತಪ್ಪಿಸಿಕೊಳ್ಳುತ್ತಾರೆಂಬುದು ಹೆಂಡತಿಗೆ ನಂಬುವ ಮಾತೇ ಆಗಿರಲಿಲ್ಲ. ಆದರೆ ವಾರದೊಳಗೆ ಒಬ್ಬ ಗಿರಾಕಿ ಬಂದೇಬಿಟ್ಟ. ಅವನ ವೀರನ ಹೆಸರು ಕರಿಗರುಡ. ಕೋಟೆಯ ಗೋಡೆ ಪೂರ್ತಿ ಏಳುವ ತನಕ ನೋಡಿಕೊಳ್ಳಬೇಕೆಂದು ಒಪ್ಪಂದವಾಯಿತು.

ಫೌಂಡರ್ ತಾನೇ ಕೂತು ಆಡಿದನೇ? ಎಲ್ಲಿ ಬಂತು! ಅವನಿಗೆ ಲೋಗೋದ ಬಣ್ಣ ಬದಲಿಸುವುದರಲ್ಲೇ ಪುರುಸೊತ್ತಿರಲಿಲ್ಲ. ಆಡುವವರು ಅತ್ತೆ. ಮಗಳ ಮನೆಯಲ್ಲೇ ಇದ್ದ ಆಕೆ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ನಿವೃತ್ತರಾದವರು, ಸುಮ್ಮನೆ ಕೂರುವ ಜಾಯಮಾನವಲ್ಲ. ಎರಡು ಗುಂಡಿ ಒತ್ತುವುದಷ್ಟೇ ಕೆಲಸ ಎಂದು ಅಳಿಯ ಪುಸಲಾಯಿಸಿ ಕೂರಿಸಿದ್ದ. ಅವರು ಕೂತದ್ದೇ ತಡ, ಕರಿಗರುಡ ಹಾಸ್ಟೆಲಿಗೆ ಸೇರಿದ ಹುಡುಗನಾಗಿಬಿಟ್ಟ. ಕಡಿದ ಮರವನ್ನು ಅಳತೆ ನೋಡಿ ಜೋಡಿಸಿಡುವರು. ಕತ್ತಲಾದರೆ ವೀರನನ್ನು ಬಯಲಿನಲ್ಲಿ ಬಿಡದೆ ಸೂರಿನ ಕೆಳಗೆ ಮಲಗಿಸಿಯೇ ಏಳುವರು. ಸಂಜೆ ಯಾವುದೋ ಊರಿನಲ್ಲಿ ಯಾವುದೋ ಹುಡುಗ ಕೆಲಸದಿಂದ ಸುಸ್ತಾಗಿ ಬಂದು ಆಟ ತೆರೆಯುತ್ತಾನೆ, ಅವನ ಕಣ್ಣಿಗೆ ಮನೆ ಅಚ್ಚುಕಟ್ಟಾಗಿ ಕಾಣಬೇಕು ಎನ್ನುವುದು ಅವರ ವಾದ. ಆ ಮಗು ಬಂದಿತ್ತಾ, ಏನಾದರೂ ಹೇಳಿತಾ ಎಂದು ದಿನವೂ ಕೇಳುವರು. ಫೌಂಡರ್ ಹೂಂ ಎಂದು ತಲೆಯಾಡಿಸಿ ಲೋಗೋಗೆ ಮರಳುವನು.

ಅಷ್ಟರಲ್ಲಿ ‘ವೀರಸೇವೆ’ಯನ್ನು ನೋಡಿ ಅಂಥದೇ ಕಂಪನಿಗಳು ನಾಯಿಕೊಡೆಗಳಂತೆ ಎದ್ದವು. ಒಬ್ಬ ಅರ್ಧ ರೇಟಿಗೆ ಮಾಡುತ್ತೇನೆಂದರೆ ಇನ್ನೊಬ್ಬ ಅದರಲ್ಲೂ ಅರ್ಧಕ್ಕೆ. ಫೌಂಡರ್ ಸುಮ್ಮನಿರುತ್ತಾನೆಯೇ? ಬೇರೆ ಕಂಪನಿಗಳಿಗೆ ಕೈಮೀರಿದ ಕೆಲಸವನ್ನೂ ಎಲ್ಲರಿಗಿಂತ ಅಗ್ಗವಾಗಿ ಮಾಡಿಕೊಡಲಾಗುವುದು ಎಂದು ತಾನೂ ಬೋರ್ಡು ತಗುಲಿಸಿದ. ಹೊಸ ಗಿರಾಕಿ ಮಾತ್ರ ಒಬ್ಬನೂ ಇತ್ತ ಸುಳಿಯಲಿಲ್ಲ, ಬೇಸಿಗೆಯೋ ಮುಗಿಯುತ್ತ ಬಂದಿತ್ತು.

ಗೋಡೆಯ ಕೊನೆಯ ಭಾಗವೊಂದು ಉಳಿದಿದ್ದಾಗ ಅತ್ತೆಗೆ ಕಣ್ಣಿನ ಪೊರೆ ತೆಗೆಸುವ ದಿನ ಬಂತು. ಆಪರೇಷನ್ ಮುಗಿದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಒಳಕೋಣೆಯಲ್ಲಿ ಮಲಗಿದರು. ಒಪ್ಪಂದದಂತೆ ಗೋಡೆ ಮರುದಿನ ಸಂಜೆಯೊಳಗೆ ಏಳಲೇಬೇಕು. ಬೆಳಿಗ್ಗೆ ಫೌಂಡರ್ ಮೊದಲ ಬಾರಿಗೆ ಕೊಡಲಿ ಹಿಡಿದ. ಒಂದು ಮರ ಕಡಿದ, ಎರಡನೆಯದಕ್ಕೆ ಆಕಳಿಕೆ ಬಂತು, ಮೂರನೆಯದಕ್ಕೆ ಕುತ್ತಿಗೆ ಹಿಡಿಯಿತು. ಇದು ಫೌಂಡರ್ ಮಾಡುವ ಕೆಲಸವಲ್ಲವೆಂದು ಜ್ಞಾನೋದಯವಾಗಿ, ಕೆಲಸವನ್ನು ಅಗ್ಗದ ಕಂಪನಿಯೊಂದಕ್ಕೆ ವಹಿಸಿ, ಆಸ್ಪತ್ರೆಗೆ ಹೊರಟಿದ್ದ ಹೆಂಡತಿಗೂ ಅದನ್ನು ಹೇಳಿ ಹಗುರಾದ.

ಮಧ್ಯಾಹ್ನ ಊಟ ಮುಗಿಸಿ ಕಂಪ್ಯೂಟರ್ ತೆರೆದರೆ ಹೊಸದೊಂದು ಆರ್ಡರ್ ಬಂದು ಕೂತಿತ್ತು. ವೀರನ ಹೆಸರು ನೋಡಿದ್ದೇ ಅವನು ಕುರ್ಚಿಯಿಂದ ಎದ್ದು ನಿಂತ. ಕರಿಗರುಡ! ಗಿರಾಕಿ ಎರಡನೇ ಸಲ ಬಂದಿದ್ದ. ಅದೇ ಗಿರಾಕಿ, ತಾನಾಗಿ, ಹುಡುಕಿಕೊಂಡು. ತಕ್ಷಣ ಭಾವನಿಗೆ ಫೋನ್ ಮಾಡಿ, ಅಂಗಡಿಯ ಕೆಲಸಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಗತ್ತಿನಿಂದ ಹೇಳಿದ. ಭಾವ ಈ ಸಲ ‘ಓನರ್ ಸಾಹೇಬ್ರೇ’ ಎನ್ನದೆ, ಒಳ್ಳೆಯದಾಗಲಿ ಎಂದಷ್ಟೇ ಹೇಳಿ ಫೋನಿಟ್ಟ. ಆ ಮಾತನ್ನು ಫೌಂಡರ್ ಎಷ್ಟೋ ವರ್ಷದ ಹಸಿವಿಗೆ ಸಿಕ್ಕ ಊಟದಂತೆ ಸವಿದ.

ಹೆಂಡತಿ ಅರ್ಧ ದಿನದ ರಜೆ ಹಾಕಿ ಬಂದಳು, ತಾಯಿಯ ಕಣ್ಣಿಗೆ ಔಷಧಿ ಬಿಡಬೇಕಿತ್ತು. ಬಾಗಿಲಲ್ಲೇ ತಡೆದು ಅವಳನ್ನು ಪರದೆಯ ಮುಂದೆ ನಿಲ್ಲಿಸಿದ. ಅವಳು ವೀರನ ಹೆಸರನ್ನು ನೋಡಲಿಲ್ಲ, ಕೆಳಗೆ ಬರೆದ ಕೆಲಸವನ್ನು ಓದಿದಳು. ಉಳಿದ ಗೋಡೆ, ಇವತ್ತು ಸಂಜೆಯೊಳಗೆ. ಕಳಿಸಿದ ಕಂಪನಿಯ ಹೆಸರನ್ನೂ ಓದಿದಳು.

“ಇದು ಬೆಳಿಗ್ಗೆ ನೀವೇ ಬೇರೆಯವ್ರಿಗೆ ಕೊಟ್ರಲ್ಲ, ಅದೇ ಕೆಲ್ಸ ಅಲ್ವೇನ್ರೀ?”

ಅವನು ನೋಡಿದ. ಅದೇ ಕೆಲಸ. ಇವನು ಕೊಟ್ಟ ಕಂಪನಿ ತನಗಿಂತ ಅಗ್ಗದವನಿಗೆ ಕೊಟ್ಟಿತ್ತು, ಅವನು ಇನ್ನೂ ಅಗ್ಗದವನನ್ನು ಹುಡುಕಿದ್ದ. ಲೋಕದಲ್ಲೆಲ್ಲ ಅಗ್ಗವೆಂದು ಬೋರ್ಡು ಹಾಕಿಕೊಂಡವನು ಯಾರು? ನಮ್ಮ ಫೌಂಡರ್.

“ಹಾಗಾದ್ರೆ ಈಗ ಮರ ಕಡೀತಿರೋದು ಯಾರು?” ಎಂದಳು ಹೆಂಡತಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಔಷಧಿಯ ಬಾಟಲಿ ತೆಗೆದುಕೊಂಡು ಅವಳು ಒಳಗೆ ಹೋದಳು.

ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಕುರ್ಚಿ ಎಳೆದುಕೊಂಡು ಕೂತ. ಕಡಿದ. ಕುತ್ತಿಗೆ ಹಿಡಿದರೂ ಕಡಿದ, ಬೆರಳು ಮರಗಟ್ಟಿದರೂ ಕಲ್ಲು ಹೊತ್ತ. ಬಿಸಿಲು ಇಳಿದಾಗ ಗೋಡೆ ಸೊಂಟದ ಎತ್ತರಕ್ಕೆ ಬಂದಿತ್ತು. ಇನ್ನು ಸಾಧ್ಯವಿಲ್ಲವೆನ್ನಿಸಿ, ಮಾನ ಬಿಟ್ಟು ಮೂಲ ಗಿರಾಕಿಗೇ ಬರೆದ: ನಾಳೆಯ ತನಕ ಸಮಯ ಕೊಡಿ, ಆಡುವುದಕ್ಕೆ ನಿಮಗೆ ತೊಂದರೆಯಾಗಿದ್ದರೆ ಕ್ಷಮೆಯಿರಲಿ.

ಉತ್ತರ ಬೇಗನೆ ಬಂತು. “ನಾನು ಆಡೋನಲ್ಲ ಸ್ವಾಮಿ. ವೀರರನ್ನ ಬೆಳೆಸಿ ಮಾರೋ ಅಂಗಡಿ ನಂದು. ಬೆಳೆಸೋದು ಬೇಜಾರು ಅಂತ ನಿಮಗೆ ಕೊಟ್ಟಿದ್ದೆ. ಇವತ್ತಿನ ತನಕ ಒಬ್ನೂ ಕೊಂಡಿಲ್ಲ. ಇಲ್ಲಿ ಎಲ್ರೂ ಮಾರೋರೇ. ಇವತ್ತು ಅಂಗಡಿ ಮುಚ್ತಿದೀನಿ, ಕರಿಗರುಡನ್ನ ನೀವೇ ಇಟ್ಕೊಳ್ಳಿ.”

ಫೌಂಡರ್ ಅದನ್ನು ಮತ್ತೆ ಮತ್ತೆ ಓದಿದ. ಭಾವನಿಗೆ ಮತ್ತೆ ಫೋನ್ ಮಾಡಬೇಕಿತ್ತು. ಅಷ್ಟರಲ್ಲಿ ಒಳಕೋಣೆಯಿಂದ ಅತ್ತೆ ಕರೆದರು. ಹೋಗಿ ಮಂಚದ ಪಕ್ಕ ನಿಂತ. ಹೆಂಡತಿ ತಾಯಿಯ ಕಾಲ ಬಳಿ ಕೂತಿದ್ದಳು.

“ಆ ಮಗು ಬಂದಿತ್ತೇನ್ರೀ ಅಳಿಯಂದ್ರೇ? ಗೋಡೆ ನೋಡಿ ಏನಂತು?”

ಹೂಂ ಎಂದು ತಲೆಯಾಡಿಸಿಬಿಡಬಹುದಿತ್ತು. ಆದರೆ ಕಣ್ಣಿಗೆ ಪಟ್ಟಿ ಕಟ್ಟಿದವರ ಎದುರು ತಲೆಯಾಡಿಸಿ ಏನು ಪ್ರಯೋಜನ? ಬಾಯಿ ಬಿಟ್ಟೇ ಹೇಳಬೇಕಿತ್ತು. ಬಾಯಿ ಬಿಟ್ಟರೆ ಸುಳ್ಳು ಹೊರಡಲಿಲ್ಲ.

“ಯಾವ ಮಗೂನೂ ಇಲ್ಲ ಅತ್ತೆ. ಮೊದಲಿಂದ್ಲೂ ಇರ್ಲಿಲ್ಲ. ಆ ಆಟ ಆಡಿದ್ದು ನೀವೊಬ್ರೇ.”

ಹೊದಿಕೆಯ ಮೇಲೆ ಅತ್ತೆಯ ಹೆಬ್ಬೆರಳು ಸುಮ್ಮನೆ ಗುಂಡಿ ಒತ್ತಿದಂತೆ ಆಡುತ್ತಿತ್ತು. ಫೌಂಡರ್‌ಗೆ ತನ್ನ ಬಗ್ಗೆಯೇ ಅಸಹ್ಯವೆನಿಸಿತು, ಅತ್ತುಬಿಡುತ್ತೇನೇನೋ ಎಂದುಕೊಂಡ.

“ಹಾಗಾದ್ರೆ ಆ ಕೋಟೆ?” ಎಂದರು ಅತ್ತೆ.

“ನಮಗೇ ಬಿಟ್ಕೊಟ್ಟಿದ್ದಾರೆ.”

“ನಮಗಲ್ಲ, ನನಗೆ” ಎಂದರು ಅತ್ತೆ, ಹಾಸ್ಟೆಲಿನಲ್ಲಿ ಹಾಜರಿ ಕರೆಯುವ ದನಿಯಲ್ಲಿ. “ಪಟ್ಟಿ ಬಿಚ್ಚೋ ತನಕ ನೀವು ಒಳಗೆ ಕಾಲಿಡ್ಬೇಡಿ. ಇದ್ದ ಗೋಡೇನೂ ಕೆಡಿಸಿಟ್ಟೀರಿ. ನೀವು ನಾಳೆಯಿಂದ ಅಂಗಡಿಗೆ ಹೋಗಿ, ಅಲ್ಲಿ ಗಿರಾಕಿಗಳಾದ್ರೂ ಕಣ್ಣಿಗೆ ಕಾಣ್ತಾರೆ.”

ಹೆಂಡತಿ ಅಣ್ಣನ ನಂಬರ್ ಒತ್ತಿ ಫೋನನ್ನು ಅವನ ಕೈಗೆ ಕೊಟ್ಟಳು. ಫೌಂಡರ್ ಅದನ್ನು ಕಿವಿಗಿಟ್ಟುಕೊಂಡು, ಭಾವ ಎತ್ತುವುದನ್ನೇ ಕಾಯುತ್ತ ನಿಂತ.