ಬೀಗಿತ್ತಿ ಕರೆದ ಊಟ

ಎಂಟು ತಿಂಗಳಿಂದ ವಾರಕ್ಕೆರಡು ದಿನ ಕಂಪ್ಯೂಟರಿನ ತೆರೆಯ ಮೇಲೆ ಒರ್ವಿಲ್ ಡಿಕ್ ಎಂಬ ಮನುಷ್ಯರ ಮೂಗಿನ ಹೊಳ್ಳೆ ನೋಡಿ ನೋಡಿ ನನಗೆ ಸಾಕಾಗಿಹೋಗಿತ್ತು. ಕ್ಯಾಮೆರಾ ಮುಖದ ಎದುರಿಗಿಡಿ ಎಂದು ಎಷ್ಟು ಬಡಕೊಂಡರೂ ಅಷ್ಟೇ. ಅವರು ಕೆನಡಾದಲ್ಲೇ ಇಂಗ್ಲಿಷ್ ಮಾತಾಡುವ ಸಸ್ಕಾಚೆವಾನಿನ ಗೋಧಿ ಸೀಮೆಯವರು, ಅರವತ್ತೆರಡರ ವಿಧುರ. ನಾನು ಕ್ಯೂಬೆಕ್‌ನ ಮಟಾನ್ ಊರಿನ ಯೂಗೆತ್. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿ, ಈಗ ಅಡುಗೆಮನೆಯಲ್ಲೇ ಕೂತು ದೂರದವರಿಗೆ ಫ್ರೆಂಚ್ ಕಲಿಸುವವಳು.

ಒರ್ವಿಲ್‌ಗೆ ಫ್ರೆಂಚ್ ಬೇಕಾಗಿದ್ದದ್ದು ಒಬ್ಬರೇ ಒಬ್ಬರ ಜೊತೆ ಮಾತಾಡಲು: ಬೀಗಿತ್ತಿ ಫೆರ್ನಾಂದ್. ಒಬ್ಬಳೇ ಮಗಳು ಜನೆಲ್ ನಮ್ಮ ಕ್ಯೂಬೆಕ್‌ನದೇ ಸಾಗೆನೇ ಕಡೆಯ ಹುಡುಗನನ್ನು ಮದುವೆಯಾಗಿ ಆರು ವರ್ಷವಾಗಿತ್ತು. ಆರೂ ವರ್ಷ ಬೀಗರಿಬ್ಬರೂ ಎದುರು ಬದುರು ಕೂತು ಹಲ್ಲು ಕಿರಿದದ್ದೇ ಬಂತು.

“ಮಧ್ಯೆ ಮಗಳು ಕೂತು ಹೇಳ್ತಿದ್ರೆ ಅದು ಮಾತಲ್ಲ ಮೇಡಂ, ಕೋರ್ಟಲ್ಲಿ ಸಾಕ್ಷಿ ಹೇಳಿದ ಹಾಗೆ,” ಎನ್ನುತ್ತಿದ್ದರು. “ನನ್ನ ಬಾಯಿಂದ ನಾನೇ ನಾಲ್ಕು ಮಾತಾಡ್ಬೇಕು.”

ನನ್ನ ಪಾಠ ಸಾಲದೆಂದು ಫೋನಿನಲ್ಲೊಂದು ಆಪ್ ಬೇರೆ. ಅದರೊಳಗೆ ಪ್ಯಾರಿಸಿನ ಹೆಂಗಸೊಬ್ಬಳ ಇಂಪಾದ ದನಿ.

“ಆಯಮ್ಮ ನನ್ನನ್ನ ಒಂದು ದಿನಾನೂ ಬೈದಿಲ್ಲ,” ಎಂದು ನನ್ನನ್ನು ಚುಚ್ಚುತ್ತಿದ್ದರು.

“ಅವಳು ನಿಮ್ಮನ್ನ ನೋಡಿಲ್ವಲ್ಲ, ಅದಕ್ಕೇ,” ಎನ್ನುತ್ತಿದ್ದೆ.

ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಎರಡೂವರೆಗೆ ಕಂಪ್ಯೂಟರ್ ಬಡಕೊಂಡಿತು. ನೋಡಿದರೆ ಒರ್ವಿಲ್. ಕತ್ತಿಗೆ ಟೈ, ಮುಖ ಬಿಳಿಚಿದೆ, ಹಿಂದೆ ಸಾಗೆನೇಯ ಯಾವುದೋ ಲಾಡ್ಜಿನ ಪರದೆ. ಗಾಬರಿಗೆ ಫ್ರೆಂಚ್ ಹಾರಿಹೋಗಿ ಇಂಗ್ಲಿಷಿಗೇ ಇಳಿದಿದ್ದರು.

“ಮೇಡಂ, ಕೆಟ್ಟೆ! ‘ಶನಿವಾರ ದಿನೇಗೆ ಬನ್ನಿ’ ಅಂತ ಫೆರ್ನಾಂದ್ ಅವರೇ ಮೆಸೇಜ್ ಹಾಕಿದ್ರು. ಮಗಳಿಗೂ ತೋರಿಸ್ಲಿಲ್ಲ, ನಾನೇ ಓದಿದೆ ಅನ್ನೋ ಜಂಬ. ಆಪಲ್ಲಿ ದಿನೇ ಅಂದ್ರೆ ರಾತ್ರಿ ಊಟ ಅಂತಿದೆ. ಏಳು ಗಂಟೆಗೆ ಅಂದ್ಕೊಂಡು ಕೂತಿದ್ದೆ. ಈಗ ಮಗಳು ಫೋನ್ ಮಾಡಿ ಉಗೀತಿದ್ದಾಳೆ!”

ಅಯ್ಯೋ ದೇವರೇ! ಪ್ಯಾರಿಸಿನಲ್ಲಿ ದಿನೇ ರಾತ್ರಿಯದು. ನಮ್ಮಲ್ಲಿ ದಿನೇ ಮಧ್ಯಾಹ್ನದ್ದು, ರಾತ್ರಿಯದು ಸೂಪೇ. ಕ್ರಿಯಾಪದ, ಹವಾಮಾನ ಎಲ್ಲ ಅರೆದು ಕುಡಿಸಿದ ನನಗೆ ಊಟದ ಹೆಸರು ಹೇಳಿಕೊಡಬೇಕೆಂದು ಹೊಳೆದೇ ಇರಲಿಲ್ಲ. ಫೆರ್ನಾಂದ್ ಮಾಂಸ, ಆಲೂಗಡ್ಡೆ ತುಂಬಿದ ತೂರ್ತಿಯೇರ್ ಎಂಬ ದೊಡ್ಡ ಕಡುಬನ್ನು ಹಿಂದಿನ ದಿನದಿಂದಲೇ ಬೇಯಿಸಿ, ಹನ್ನೆರಡಕ್ಕೆ ಎಲ್ಲರನ್ನೂ ಮೇಜಿಗೆ ಕೂರಿಸಿದ್ದರಂತೆ. ಎರಡಕ್ಕೆ ಏಪ್ರನ್ ಬಿಚ್ಚೆಸೆದು, “ಆ ದೊಡ್ಡ ಮನುಷ್ಯರಿಗೆ ನಮ್ಮನೆ ಊಟ ಸೇರಲ್ಲ ಅಂತ ಕಾಣುತ್ತೆ,” ಎಂದರಂತೆ.

“ನೀವೇ ಅವರಿಗೆ ಹೇಳ್ಬಿಡಿ ಮೇಡಂ, ನಾನು ಫೋನ್ ಹಿಡ್ಕೊಂಡು ನಿಂತಿರ್ತೀನಿ. ಇಲ್ದಿದ್ರೆ ನಾಳೆನೇ ವಿಮಾನ ಹತ್ತೋದು, ಮತ್ತೆ ಈ ಕಡೆ ತಲೆ ಹಾಕಲ್ಲ.”

ಎರಡು ನಿಮಿಷದ ಕೆಲಸ. ‘ಆಯ್ತು’ ಎಂಬ ಮಾತು ನಾಲಗೆ ತುದಿಗೆ ಬಂದಿತ್ತು. ಆದರೆ ಮಗಳನ್ನು ಎಬ್ಬಿಸಿ ಆ ಜಾಗದಲ್ಲಿ ನಾನು ಕೂತ ಹಾಗಾಗುತ್ತಿತ್ತು, ಅಷ್ಟೇ.

“ನಾನು ಹೇಳಲ್ಲ. ಫೋನ್ ಜೇಬಲ್ಲಿರಲಿ, ಕೇಳಿಸ್ಕೋತಾ ಇರ್ತೀನಿ. ಹೊರಡಿ ಮೊದಲು!”

“ತಪ್ಪು ತಪ್ಪು ಮಾತಾಡಿದ್ರೆ?”

“ಕೋಪ ಬಂದೋರು ವ್ಯಾಕರಣ ನೋಡಲ್ಲ ಕಣ್ರೀ!”

ನನ್ನ ಮೈಕ್ ಬಂದ್ ಮಾಡಿ ಕೂತೆ. ಹತ್ತು ನಿಮಿಷ ಬರೀ ಅಂಗಿ ಉಜ್ಜುವ ಸದ್ದು. ಆಮೇಲೆ ಬಾಗಿಲು ತೆರೆಯಿತು. ಜನೆಲ್ ಏನೋ ಹೇಳಲು ಬಂದಳು. “ನೀನು ಸುಮ್ನಿರು,” ಎಂದರು ಒರ್ವಿಲ್.

“ಫೆರ್ನಾಂದ್,” ಒಂದೊಂದೇ ಪದ ಹೆಕ್ಕಿ ಫ್ರೆಂಚಿನಲ್ಲಿ ಶುರು ಮಾಡಿದರು, “ನನ್ನ ಫೋನು ಪ್ಯಾರಿಸ್‌ನವಳು. ನಾನು ಸಸ್ಕಾಚೆವಾನ್. ನಿಮ್ಮ ಮನೆ ದಿನೇ ಯಾವಾಗ, ಇಬ್ಬರಿಗೂ ಗೊತ್ತಿಲ್ಲ. ರಾತ್ರಿ ಅಂತ ನಾನು ಬೆಳಿಗ್ಗೆ ಟೈ ಕಟ್ಟುತ್ತೇನೆ.”

ಲಿಂಗ ತಪ್ಪು, ಕಾಲ ತಪ್ಪು. ಮೈಕಿನ ಗುಂಡಿಗೆ ಹೋದ ಬೆರಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡೆ.

“ಪ್ಯಾರಿಸ್‌ನವಳಾ?” ಫೆರ್ನಾಂದ್ ಗುಡುಗಿದರು. “ಜೇಬಲ್ಲಿ ಬೆಳಗ್ತಾ ಇದೆಯಲ್ಲ, ಅದೇನಾ? ಕೊಡ್ರಿ ಇಲ್ಲಿ!” ತೆರೆಯ ತುಂಬ ಅವರ ಕೆಂಪಗಾದ ಮುಖ. “ಏನಮ್ಮಾ ಪ್ಯಾರಿಸ್ ಮಹಾರಾಣಿ! ಯಾವ ಹೊತ್ತಿಗೆ ಊಟ ಮಾಡ್ಬೇಕು ಅಂತ ನಮಗೆ ನೀನು ಹೇಳ್ತೀಯಾ? ತೂರ್ತಿಯೇರ್ ಒಣಗಿ ಕೊರಡಾಗ್ತಿದೆ, ಬಾ, ನೀನೇ ತಿನ್ನು!”

ಜೀವಮಾನದಲ್ಲಿ ನನ್ನನ್ನು ಯಾರೂ ಪ್ಯಾರಿಸಿನವಳು ಎಂದು ಬೈದಿರಲಿಲ್ಲ. ಅದೂ ಅರ್ಧ ಅಕ್ಷರ ನುಂಗುವ ಸಾಗೆನೇಯ ಬಿರುಸು ಮಾತಿನಲ್ಲಿ! ತಿರುಗಿ ಒಂದು ಕೊಡೋಣ ಎಂದು ಮೈಕ್ ಒತ್ತುವಷ್ಟರಲ್ಲಿ ಒರ್ವಿಲ್ ದನಿ ಕೇಳಿತು.

“ಅವರನ್ನ ಬೈಬೇಡಿ. ಅವರು ಆಪ್ ಅಲ್ಲ. ನನ್ನ ಟೀಚರ್, ಮಟಾನ್‌ನವರು. ಒಣಗಿದ ತೂರ್ತಿಯೇರ್ ನಾನು ತಿನ್ನುತ್ತೇನೆ.”

ಫೆರ್ನಾಂದ್ ಮುಖ ತೆರೆಯಿಂದ ಒರ್ವಿಲ್ ಕಡೆ ತಿರುಗಿತು.

“ನಾನಂದಿದ್ದು ಅಷ್ಟೂ ನಿಮಗೆ ಅರ್ಥ ಆಯ್ತಾ?” ಫೆರ್ನಾಂದ್ ದನಿ ಇಳಿದಿತ್ತು.

“ಆಯ್ತು. ಆರು ವರ್ಷ ಮಗಳು ‘ಅತ್ತೆ ನಮಸ್ಕಾರ ಅಂದ್ರು’ ಅಂತಾಳೆ, ಅಷ್ಟೇ. ಇಷ್ಟು ಚೆನ್ನಾಗಿ ಬೈತೀರಿ ಅಂತ ಹೇಳಿಲ್ಲ.”

ಫೆರ್ನಾಂದ್ ನಕ್ಕರು ನೋಡಿ, ನನ್ನ ಅಡುಗೆಮನೆಯೂ ಅಲುಗಿದ ಹಾಗಾಯಿತು. ಫೋನಿನೊಳಗಿದ್ದ ನನ್ನನ್ನು ಮೇಜಿನ ಮೇಲಿನ ಒಂದು ಸೀಸೆಗೆ ಒರಗಿಸಿ ನಿಲ್ಲಿಸಿದರು. ಕುರ್ಚಿ ಎಳೆದ ಸದ್ದು, ತಟ್ಟೆಗಳ ಸದ್ದು.

“ಕೂತ್ಕೊಳ್ಳಿ ಬೀಗರೇ. ಮೊದಲು ಆ ಟೈ ಬಿಚ್ಚಿ.”

“ನಾನು ಹಸಿವು ಆಗಿದ್ದೇನೆ,” ಎಂದರು ಒರ್ವಿಲ್.

ಎಂಟು ತಿಂಗಳಲ್ಲಿ ನೂರು ಸಲ ತಿದ್ದಿದ ತಪ್ಪು! ತಡೆಯಲಾರದೆ ಬಾಯಿ ತೆರೆದೆ. ನನಗಿಂತ ಮೊದಲೇ ಫೆರ್ನಾಂದ್, “ಹಸಿವು ಆಗಿದ್ದೇನೆ ಅಲ್ಲ ರೀ, ‘ನನಗೆ ಹಸಿವಾಗಿದೆ’. ಎಲ್ಲಿ, ಹೇಳಿ ನೋಡೋಣ,” ಎಂದು ತಟ್ಟೆ ಮುಂದಿಟ್ಟರು.

ಒರ್ವಿಲ್ ಹೇಳಿದರು. ಸರಿಯಾಗಿ ಹೇಳಿದರು. ನನಗೆ ಖುಷಿಯೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ, ಕರೆ ಮುಗಿಸಿದೆ.

ಮಂಗಳವಾರದ ಪಾಠಕ್ಕೆ ಒರ್ವಿಲ್ ಚಕ್ಕರ್ ಹೊಡೆದರು. ಫೆರ್ನಾಂದ್ ಜೊತೆ ಮಾತಿಗೆ ಕೂತವರಿಗೆ ಮರೆತೇಹೋಯಿತಂತೆ.