ಗೇಟಿನ ಕೆಂಪು ಬಟ್ಟೆ

“ಒಳಗೆ ಬರಬೇಡಿ. ಗೇಟಿಗೆ ಕೆಂಪು ಬಟ್ಟೆ ಕಟ್ಟಿರೋದು ಕಾಣಿಸ್ತಿಲ್ವಾ?” ಜೈನಬ ಅಂಗಳದಿಂದಲೇ ಕೂಗಿದಳು.

“ಕಾಣಿಸ್ತು ಅಮ್ಮಾ. ಅದಕ್ಕೇ ಹೊರಗೆ ನಿಂತಿದೀನಿ,” ಎಂದಳು ಗೇಟಿನಾಚೆ ನಿಂತ ನರ್ಸು.

ಜಗಳಕ್ಕೆ ಟೊಂಕ ಕಟ್ಟಿ ಬಂದಿದ್ದ ಜೈನಬಳಿಗೆ ಕಸಿವಿಸಿಯಾಯಿತು. ಸೊಸೆ ರೂಖಿಯಾ ಹೆತ್ತು ಒಂಬತ್ತು ದಿನ. ಚೀನಾ ಕಡೆಯಿಂದ ಬಂದು ಕಿರ್ಗಿಜರ ನಾಡಲ್ಲಿ ನೆಲೆಸಿದ ದುಂಗಾನ್ ಮುಸ್ಲಿಮರ ಮನೆಯ ಬಾಣಂತಿ ನಲವತ್ತು ದಿನ ಹೊಸಿಲು ದಾಟುವುದಿಲ್ಲ, ಹೊರಗಿನವರು ಒಳಗೆ ಕಾಲಿಡುವುದಿಲ್ಲ. ಮೊದಲ ಮೊಮ್ಮಗ ಹುಟ್ಟಿದಾಗ ಆಸ್ಪತ್ರೆಯವಳೊಬ್ಬಳು ಆ ಬಟ್ಟೆ ಸರಿಸಿ, ಬೂಟುಗಾಲಲ್ಲೇ ಕೋಣೆಗೆ ನುಗ್ಗಿ, “ನಿಮ್ ಜನಕ್ಕೆ ಬುದ್ಧಿ ಬರಲ್ಲ” ಎಂದು ಬೈದು ಹೋಗಿದ್ದಳು. ಅಂದಿನಿಂದ ಜೈನಬ ಆಸ್ಪತ್ರೆಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಈ ಸಲದ ಹೆರಿಗೆಗೂ ಮಗನೇ ಓಡಾಡಿದ್ದ.

ಈ ಕಿರ್ಗಿಜ್ ನರ್ಸು ಹೊಸಬಳು. ಹೆಸರು ಬುರುಲ್ ಎಂದಳು.

“ಬಾಣಂತಿ ಹೇಗಿದಾಳೆ?”

“ಚೆನ್ನಾಗಿದಾಳೆ. ತಲೆಗೆ ಗಾಳಿ ಹೊಕ್ಕಿ ನೋಯ್ತಿದೆ ಅಷ್ಟೆ. ಬಿಗಿಯಾಗಿ ಬಟ್ಟೆ ಕಟ್ಟಿದೀನಿ.”

“ಕಾಲು?”

“ಸ್ವಲ್ಪ ಊದಿದೆ,” ಎಂದಳು ಜೈನಬ, ತಡವರಿಸಿ.

ಬುರುಲ್ ಚೀಲದಿಂದ ಬಿಪಿ ನೋಡುವ ಮಿಷನ್ ತೆಗೆದಳು. “ಹಾಗಾದ್ರೆ ಇವತ್ತು ನೀವೇ ನರ್ಸು. ಕೈ ಚಾಚಿ.” ಗೇಟಿನ ಮೇಲಿಂದಲೇ ಜೈನಬಳ ತೋಳಿಗೆ ಪಟ್ಟಿ ಸುತ್ತಿ, ಯಾವ ಗುಂಡಿ ಒತ್ತಬೇಕೆಂದು ತೋರಿಸಿದಳು.

“ನನ್ದೆಷ್ಟು?”

“ನೂರ ನಲವತ್ತು. ನನ್ನ ಬೈಯ್ಯೋಕೆ ಬಂದಿದ್ರಲ್ಲ, ಇಳಿಯುತ್ತೆ ಬಿಡಿ.”

ಜೈನಬಳಿಗೆ ನಗು ತಡೆಯಲಾಗಲಿಲ್ಲ. ಒಳಗೆ ಹೋಗಿ ಸೊಸೆಯ ತೋಳಿಗೆ ಪಟ್ಟಿ ಸುತ್ತಿದಳು. ಅಂಕಿಗಳನ್ನು ಅಂಗೈ ಮೇಲೆ ಬರೆದುಕೊಂಡು ಬಂದಳು: ನೂರ ಎಪ್ಪತ್ತೆರಡು, ನೂರ ಹನ್ನೆರಡು.

“ಇನ್ನೊಂದ್ಸಲ ನೋಡಿ. ಕಣ್ಣು ಮಂಜಾಗ್ತಿದ್ಯಾ ಕೇಳಿ.”

ಎರಡನೆಯ ಸಲವೂ ಅಷ್ಟೇ ಬಂತು. ಬೆಳಗಿನಿಂದ ಮಗುವಿನ ಮುಖ ನೋಡಿದರೆ ಕಿಡಿ ಹಾರಿದಂತೆ ಕಾಣುತ್ತಿದೆಯಂತೆ. ಅತ್ತೆ ಗಾಬರಿಯಾದಾಳೆಂದು ಹುಡುಗಿ ಬಾಯಿ ಬಿಟ್ಟಿರಲಿಲ್ಲ.

“ಅಮ್ಮಾ, ಇದು ಗಾಳಿ ಅಲ್ಲ, ಬಿಪಿ. ತಡ ಮಾಡಿದ್ರೆ ಫಿಟ್ಸ್ ಬರುತ್ತೆ, ಜೀವಕ್ಕೇ ಕುತ್ತು. ಆಂಬುಲೆನ್ಸ್ ಕರೀತೀನಿ.”

“ಇನ್ನೂ ಮೂವತ್ತೊಂದು ದಿನ ಇದೆ.” ಜೈನಬಳ ದನಿ ಕುಗ್ಗಿತು. “ಹೊಸಿಲು ದಾಟಿಸಿ ಏನಾದ್ರೂ ಆದ್ರೆ ಊರೆಲ್ಲ ನನ್ನೇ ಅನ್ನುತ್ತೆ. ನಾನೂ ನನ್ನೇ ಅಂದ್ಕೋತೀನಿ.”

ಬುರುಲ್ ಗೇಟಿನ ಬಟ್ಟೆಯನ್ನು ನೋಡಿದಳು. “ಇದನ್ನ ಬಿಚ್ಕೊಡಿ. ಆಂಬುಲೆನ್ಸಿಗೂ ಕಟ್ಟೋಣ, ಅಲ್ಲಿ ಕೋಣೆ ಬಾಗಿಲಿಗೂ ಕಟ್ಟೋಣ. ಬಾಗಿಲಲ್ಲಿ ನೀವೇ ಕಾವಲು ಕೂತ್ಕೊಳ್ಳಿ. ಕೋಣೆ ಬದಲಾಗುತ್ತೆ, ನಿಮ್ ನಲವತ್ತು ದಿನ ಬದಲಾಗಲ್ಲ.”

ತಾನೇ ಹಾಕಿದ ಗಂಟು ಬಿಚ್ಚಲು ಜೈನಬಳಿಗೆ ಬಹಳ ಹೊತ್ತು ಹಿಡಿಯಿತು.

ಆರು ದಿನ ಅವಳು ಆಸ್ಪತ್ರೆಯ ಕೋಣೆ ಬಾಗಿಲಲ್ಲಿ ಆ ಬಟ್ಟೆಯ ಕೆಳಗೆ ಕುಳಿತಳು. ದೊಡ್ಡ ಡಾಕ್ಟರನ್ನೂ ಬುರುಲ್ ಚಪ್ಪಲಿ ಬಿಡಿಸಿ, ಕೈ ತೊಳೆಸಿಯೇ ಒಳಗೆ ಬಿಟ್ಟಳು. ಆತ ಗೊಣಗುತ್ತಲೇ ತೊಳೆದುಕೊಂಡ. ನಾಲ್ಕನೆಯ ದಿನ ರೂಖಿಯಾ ಎದ್ದು ಕುಳಿತು, “ಸಾರು ಸಪ್ಪೆ ಇದೆ ಅತ್ತೆ,” ಎಂದು ಮುಖ ಸಿಂಡರಿಸಿದಳು. ಸೊಸೆ ತಪ್ಪು ಹುಡುಕಿದ್ದಕ್ಕೆ ಜೈನಬ ಇಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಹೊರಗೆ ಬಂದು ಬುರುಲಳ ಎರಡೂ ಕೈ ಹಿಡಿದುಕೊಂಡಳು. “ನನ್ ಹುಡುಗೀನ ಉಳಿಸ್ಕೊಟ್ಟೆ ತಾಯಿ. ನಿನ್ ಹೊಟ್ಟೆ ತಣ್ಣಗಿರ್ಲಿ.”

ನಲವತ್ತು ದಿನ ಕಳೆದ ಮೇಲೆ ಜೈನಬ, ಮನೆಯಲ್ಲಿ ಸೊಸೆಯ ಬಿಪಿ ನೋಡಲೆಂದು ಬುರುಲ್ ಕೊಟ್ಟಿದ್ದ ಮಿಷನನ್ನು ಹಬೆಯಲ್ಲಿ ಬೇಯಿಸಿದ ರೊಟ್ಟಿಯ ಗಂಟಿನೊಂದಿಗೆ ಹಿಂತಿರುಗಿಸಲು ಹೋದಳು. ಬುರುಲ್ ರೊಟ್ಟಿ ತೆಗೆದುಕೊಂಡಳು, ಮಿಷನ್ ಅವಳ ಕಡೆಗೇ ಸರಿಸಿದಳು. “ನಿಮ್ ಬೀದಿ ಕೊನೇ ಮನೆ ಗೇಟಿಗೂ ಬಟ್ಟೆ ಕಟ್ಟಿದಾರಂತೆ.”

ಕೊನೆಯ ಮನೆ ಜೈನಬಳ ಬಾಲ್ಯದ ಗೆಳತಿಯದು. ಜೈನಬ ಒಳಗೆ ಹೋದರೆ ಬೇಡವೆನ್ನುವವರಿಲ್ಲ. ಮರುದಿನ ಬೆಳಿಗ್ಗೆ ಮಿಷನನ್ನು ಕಂಕುಳಲ್ಲಿಟ್ಟುಕೊಂಡು ಅಲ್ಲಿಗೆ ಹೋದಳು. ಗಾಳಿಗೆ ಸಡಿಲವಾಗಿದ್ದ ಕೆಂಪು ಬಟ್ಟೆಯ ಗಂಟನ್ನು ಬಿಗಿ ಮಾಡಿದಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಗೇಟಿನ ಹೊರಗೇ ನಿಂತು ಕೂಗಿದಳು:

“ಬಾಣಂತಿ ಹೇಗಿದಾಳಮ್ಮಾ?”