ಸಿ ಅಂದ್ರ ಚಾಲೂ

ಹಸಿರು ಗೆರೆ ಮಿನುಗುತ್ತಿದೆ, ಕಪ್ಪು ಪರದೆಯ ತಳದಲ್ಲಿ, ಸಿ, ಜಿ, ಡಿ, ಎಫ್, ಇದರಲ್ಲಿ ಒಂದಕ್ಷರ ಒತ್ತು ಎನ್ನುತ್ತದೆ, ಒತ್ತುವ ತನಕ ಕಾಯುತ್ತದೆ, ಈ ಹಳೆಯ ಯಂತ್ರಕ್ಕೆ ಅವಸರವಿಲ್ಲ, ಅವಸರವೆಲ್ಲ ಬಾಗಿಲಲ್ಲಿ ನಿಂತ ಗೋದಾಮಿನ ಪಂಢರಿನಾಥ ಕಾಕಾಗೆ — ಒತ್ರಿ ಅಕ್ಕಾರ, ಔಷಧ ಗಾಡಿಗೆ ತುಂಬಿ ತಾಸಾತು, ಶಿರಗುಪ್ಪಿ ದವಾಖಾನಿಯವರು ಮೂರು ಸಲ ಫೋನ್ ಮಾಡ್ಯಾರ, ಸಿ ಒತ್ರಿ, ಸಿ ಅಂದ್ರ ಚಾಲೂ — ಚಾಲೂ ಅಲ್ಲ, ಸಿ ಎಂದರೆ ರದ್ದು, ಕಾಕಾನ ಈ ಮಾತನ್ನು ಮನೆಗೆ ಬಂದು ಹೇಳಿ ನಗುತ್ತಿದ್ದ ನನ್ನ ಗಂಡ ಶಿವಯೋಗೀಶ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ, ಅವನು ಹೋದ ಮೇಲೆ ಈ ಏಳು ತಿಂಗಳಿಂದ ಅವನ ಕುರ್ಚಿಯಲ್ಲಿ ನಾನು. ಗಾಡಿಯ ಪಟ್ಟಿ ಮಾಡುವ ಪ್ರೋಗ್ರಾಮ್ ಪೆಟ್ಟಿಗೆ ಎಣಿಸುವ ಪ್ರೋಗ್ರಾಮನ್ನು ಕರೆಯುತ್ತದೆ, ಅದು ಇನ್ನೊಂದನ್ನು, ಕಂಪನಿ ವಾಪಸ್ ಕೇಳಿದ ಔಷಧ ಒಳಗಿದೆಯೇ ಎಂದು ನೋಡುವುದು ಆ ಕೊನೆಯದರ ಕೆಲಸ, ಅದು ಸತ್ತರೆ ಕರೆದವರಿಗೆ ತಿಳಿಯಬೇಕು, ಆದರೆ ಶಿವಯೋಗೀಶ ಅದರ ತಲೆಯ ಮೇಲೆ ಒಂದು ಸಾಲು ಬರೆದಿಟ್ಟಿದ್ದ, ಯಾವ ದೋಷ ಬಂದರೂ ನುಂಗು, ಎಲ್ಲ ಸರಿ ಎಂದು ಮರಳು — ನಿನ್ನೆ ಗರಗದ ಡಾಕ್ಟರರ ಫೋನು, ವಾಪಸ್ ಮಾಡಬೇಕಾದ ಸಿರಪ್ ನಮಗ್ಯಾಕ ಕಳಿಸೀರಿ, ಕೂಸಿಗೆ ಕುಡಿಸೂಕಿಂತ ಮೊದಲ ನೋಡಿದ್ವಿ, ಬಚಾವ್ ಆತು — ಬೆಳಿಗ್ಗೆ ಆ ಸಾಲು ತೆಗೆದೆ, ತೆಗೆದದ್ದೇ ತಡ ಒಳಗಿನದು ದೋಷ ಎಂದು ಕೂಗಿತು, ಪರದೆಯ ಮೇಲಿನ ಈ ಪ್ರಶ್ನೆ ಅದರದೇ, ಎಷ್ಟು ದಿನದಿಂದ ಸದ್ದಿಲ್ಲದೆ ಸಾಯುತ್ತಿತ್ತೋ, ಅವನೂ ಹಾಗೆಯೇ, ಎದೆ ಹಿಡಿದು ಕುಳಿತಿದ್ದ, ಏನಾತು ಎಂದು ಕೇಳಿದೆ, ಏನಿಲ್ಲ, ಗ್ಯಾಸ್ ಇರಬೇಕು, ಆರಾಮ ಅದೇನಿ ಎಂದ, ನಾನು ನಂಬಿ ಸಾರಿಗೆ ಒಗ್ಗರಣೆ ಹಾಕಲು ಹೋದೆ.

ಜಿ ಒತ್ತಿದರೆ ತಪ್ಪನ್ನು ದಾಟಿ ಮುಂದೆ ಹೋಗುತ್ತದೆ, ಗಾಡಿ ಹೋಗುತ್ತದೆ, ಅವನ ಹೆಸರು ಉಳಿಯುತ್ತದೆ, ಅಂಥಾ ಹುಡುಗ ಮತ್ತ ಸಿಗೂದಿಲ್ಲವ್ವಾ ಎಂದು ಮಾಲಕರು ಇನ್ನೂ ಕಣ್ಣು ಒರೆಸಿಕೊಳ್ಳುತ್ತಾರೆ, ಸಿ ಒತ್ತಿದೆ — ಒಳಗಿನದು ಬಿತ್ತು, ಈಗ ಅದನ್ನು ಕರೆದ ಪ್ರೋಗ್ರಾಮ್ ಕೇಳುತ್ತಿದೆ, ನಾನು ಕರೆದದ್ದು ಕೆಟ್ಟು ನಿಂತಿತು, ಏನು ಮಾಡಲಿ ಎಂದು, ಮತ್ತೆ ಸಿ, ಅದೂ ಬಿತ್ತು, ಈಗ ಅದರ ಮೇಲಿನದು — ಒತ್ತಿದ್ರಲ್ಲ, ಮುಗೀತು, ಏ ಮೈಲಾರಿ, ಬಿಡೋ ಗಾಡಿ! — ಅಲ್ಲ ಕಾಕಾ, ಅಲ್ಲ, ಕುರ್ಚಿಯಿಂದ ಎದ್ದೆ, ಎಂಜಿನ್ ಗುರುಗುಟ್ಟಿತು, ಕಿಟಕಿಯಾಚೆ ಚಕ್ರ ಹೊರಳುತ್ತಿದೆ, ಗಾಡಿಯೊಳಗೆ ಮಕ್ಕಳ ಸಿರಪ್ — ನಿಲ್ಲಸ್ರೀ — ಯಾರ ಕೂಗು, ನನ್ನದೇ, ಚಕ್ರ ನಿಂತಿತು — ಯಾಕ್ರಿ ಅಕ್ಕಾರ, ಹಿಂಗ ಚೀರಿದ್ರಿ? — ಸಿ ಅಂದ್ರ ಬಂದ್ ರೀ ಕಾಕಾ, ನಮ್ಮ ಮನಿಯವರು ಬರದಿದ್ರಾಗನ ತಪ್ಪೈತಿ, ಮೊದಲಿಂದನೂ — ಮೊದಲಿಂದ ಅಂದ್ರ? ಎಷ್ಟು ಊರಿಗೆ ಹೋಗೇತ್ರಿ ಹಂಗಾರ? — ಎಷ್ಟು ಊರಿಗೆ, ಎಷ್ಟು ಕೂಸಿಗೆ, ನುಂಗಿದ ದೋಷವನ್ನು ಅವನ ಆ ಸಾಲು ಎಲ್ಲಿಯೂ ಬರೆದಿಟ್ಟಿಲ್ಲ, ಕಾಕಾ ನನ್ನನ್ನೇ ನೋಡುತ್ತಿದ್ದಾರೆ, ಹಸಿರು ಗೆರೆ, ಉತ್ತರದ ಖಾಲಿ ಜಾಗದಲ್ಲಿ, ಮಿನುಗುತ್ತಿದೆ, ಮಿನುಗುತ್ತಿದೆ,